ಯಂತ್ರದ ಜೀರ್ಣೋದ್ಧಾರ

ಹೊಸ ಕೆರೆಯೊಂದನ್ನು ಕಟ್ಟಿಸುವುದಕ್ಕಿಂತ ಹೂಳು ತುಂಬಿದ ಹಳೆಯ ಕೆರೆಯನ್ನು ಉದ್ಧರಿಸುವುದು ಮಿಗಿಲಾದ ಪುಣ್ಯವೆಂದು ನಮ್ಮ ಹಿರಿಯರು ನಂಬಿದ್ದರು. ದಾನಮಾಡುವುದಕ್ಕಿಂತಲೂ ಹಿಂದಿನವರ ದಾನವನ್ನು ಕಾಪಾಡುವುದು ಶ್ರೇಯಸ್ಕರವೆಂಬ ಭಾವವು ನಾಡಿನ ಅನೇಕ ಶಾಸನಗಳಲ್ಲಿ ಕಂಡುಬರುವುದು. ಈ ಧರ್ಮವು ಕೆರೆ ದೇಗುಲಗಳಿಗೆ ಮಾತ್ರ ಸಲ್ಲತಕ್ಕದ್ದೋ, ಮನೆಯ ಮೂಲೆಯಲ್ಲಿರುವ ಗಣಕಯಂತ್ರಕ್ಕೂ ಅನ್ವಯಿಸುವುದೋ? ಪ್ರಶ್ನೆಯು ವಾಚಕರಿಗೆ ವಿನೋದವಾಗಿ ತೋರಬಹುದು. ಈಚೆಗೆ ನಮ್ಮ ಮನೆಯಲ್ಲಿ ಅದು ವಿನೋದವಾಗಿ ಉಳಿಯಲಿಲ್ಲ.

2014ರಲ್ಲಿ ಕೊಂಡ ನಮ್ಮ ಯಂತ್ರವು ಎಚ್ಚತ್ತು ಕೆಲಸಕ್ಕೆ ಸಿದ್ಧವಾಗುವಷ್ಟರಲ್ಲಿ ಒಂದು ಲೋಟ ಕಾಫಿಯನ್ನು ಕುಡಿದು ಮುಗಿಸಬಹುದಾಗಿತ್ತು. ಸಾಲದುದಕ್ಕೆ, ಅದರಲ್ಲಿದ್ದ ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ರಕ್ಷಣಾಂಗವನ್ನೂ ಈಚಿನ ತಲೆಮಾರಿನ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. ನಮ್ಮದರಲ್ಲಿ ಎರಡೂ ಇಲ್ಲ. ಅಂಗಡಿಯವರು ಹೊಸದನ್ನೇ ಕೊಳ್ಳಿರೆಂದರು. ಕೈಯಲ್ಲಿದ್ದುದು ಐದು ಸಾವಿರ ರೂಪಾಯಿ.

ಹಣದ ಮಿತಿಯೇ ವಿಚಾರಕ್ಕೆ ಎಡೆಮಾಡಿತು. ಈ ಯಂತ್ರದಿಂದ ನಮಗೆ ಆಗಬೇಕಾದುದೇನು? ಪತ್ರವ್ಯವಹಾರ, ಮಗಳ ಪಾಠ, ಮನೆಯ ಲೆಕ್ಕ, ಹಳೆಯ ಗ್ರಂಥಗಳ ಓದು. ಇವಕ್ಕೆ ಅಡ್ಡಿಯಾಗಿದ್ದುದು ಯಾವುದು? ಪರೀಕ್ಷಿಸಿ ನೋಡಲಾಗಿ ಪ್ರೊಸೆಸರು ದಣಿದಿರಲಿಲ್ಲ; ಬಹುಹೊತ್ತು ಸುಮ್ಮನೆ ಕಾಯುತ್ತಿತ್ತು. 4 ಜಿಬಿ ಸ್ಮೃತಿಯು ಸಾಲದಾದಾಗಲೆಲ್ಲ ಯಂತ್ರವು ಹಾರ್ಡ್ ಡಿಸ್ಕಿಗೆ ಮೊರೆಹೋಗುತ್ತಿತ್ತು. ಅದಾದರೋ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ. ಬೇಕಾದುದನ್ನು ಹುಡುಕಲು ಪ್ರತಿಸಲವೂ ಅದರ ತೋಳು ಅತ್ತಿತ್ತ ಸರಿಯಬೇಕು. ಕಡತಗಳನ್ನು ಮೊದಲು ಬೇರೆಡೆ ನಕಲುಮಾಡಿಟ್ಟು, ಡಿಸ್ಕಿನ ಸ್ಥಾನದಲ್ಲಿ ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯೊಂದನ್ನಿರಿಸಿದೆವು. ಬೇರೊಂದು ಯಂತ್ರದಿಂದ ಕಳಚಿದ 4 ಜಿಬಿ ಸ್ಮೃತಿಯನ್ನು ಕೂಡಿಸಿದೆವು. ಉಚಿತವಾಗಿ ದೊರೆಯುವ ಲಿನಕ್ಸನ್ನು ಸ್ಥಾಪಿಸಿದೆವು. ಹಣವು ಮಿತಿಯನ್ನು ಮೀರಲಿಲ್ಲ. ಈಗ ಕಾಫಿಯ ಮೊದಲ ಗುಟುಕಿಗೇ ಯಂತ್ರವು ಸಿದ್ಧ.

ಈ ಸಂತೋಷದ ಬೆನ್ನಿಗೇ ಒಂದು ವ್ಯಥೆಯೂ ಬಂದಿತು. ಇದಕ್ಕೆ ಮುಂಚಿನ ಯಂತ್ರವನ್ನು, ನಿಧಾನವೆಂಬ ಇದೇ ಅಪರಾಧಕ್ಕಾಗಿ, ಒಮ್ಮೆಯೂ ಬಿಚ್ಚಿ ನೋಡದೆ ಗುಜರಿಗೆ ಕೊಟ್ಟಿದ್ದೆನು. ಅದು ಎಲ್ಲಿಗೆ ಹೋಯಿತೋ! ದೆಹಲಿಯ ಸೀಲಂಪುರದಂತಹ ಕಡೆಗಳಲ್ಲಿ ಇಂತಹ ಯಂತ್ರಗಳನ್ನು ಬರಿಗೈಯಲ್ಲಿ ಒಡೆದು, ತಾಮ್ರಕ್ಕಾಗಿ ತಂತಿಗಳನ್ನು ಸುಟ್ಟು, ವಿಷದ ಹೊಗೆಯಲ್ಲಿ ಅನ್ನ ಸಂಪಾದಿಸಿದವರಿದ್ದಾರೆ. 2022ರಲ್ಲಿ ಜಗತ್ತು ಎಸೆದ ವಿದ್ಯುದುಪಕರಣಗಳ ಕಸವು ಸುಮಾರು 6 ಕೋಟಿ 20 ಲಕ್ಷ ಟನ್ನು. ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ ದಾಖಲೆಯಿರುವುದು ಅದರ ಕಾಲು ಪಾಲಿಗೂ ಇಲ್ಲ. ನನಗೆ ಬೇಡವಾದುದು ಲೋಕದಿಂದ ಮಾಯವಾಗುವುದಿಲ್ಲ. ಮತ್ತೊಬ್ಬರ ಬಾಗಿಲಿಗೆ ಹೋಗಿ ಬೀಳುತ್ತದೆ.

ಹಾಗೆಂದು ಹಳೆಯದನ್ನೆಲ್ಲ ಅಪ್ಪಿಕೊಂಡಿರುವುದೇ ಧರ್ಮವೆಂದಲ್ಲ. ರಕ್ಷಣೆ ತಪ್ಪಿದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅವಿವೇಕ. ನಾಳೆ ಮಗಳ ವಿದ್ಯೆಗೆ ಹೆಚ್ಚು ಬಲವುಳ್ಳ ಯಂತ್ರವು ಬೇಕಾದರೆ, ನನ್ನ ತತ್ತ್ವದ ಹಠಕ್ಕಾಗಿ ಅದನ್ನು ತಡೆದೆನಾದರೆ ಅದು ಮಿತವ್ಯಯವಲ್ಲ, ಜಿಪುಣತನ. ಆದರೆ ಹಳೆಯದು ಬೇರೆ, ಕೆಟ್ಟದ್ದು ಬೇರೆ. ಹೊಸದನ್ನು ಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಕು. ಇದ್ದುದನ್ನು ಉಳಿಸಿಕೊಳ್ಳುವುದಕ್ಕೆ ಅದನ್ನು ಅರಿಯಬೇಕು, ನಮ್ಮ ಅಗತ್ಯವನ್ನೂ ಅರಿಯಬೇಕು. ಅರಿತಮೇಲೂ ಬಿಡಬೇಕಾಗಿ ಬಂದರೆ ಬಿಡೋಣ. ಅರಿಯದೆ ಬಿಟ್ಟ ಆ ಮೊದಲ ಯಂತ್ರದ ಋಣವು ಮಾತ್ರ ನನ್ನ ಮೇಲೆ ಇನ್ನೂ ಉಳಿದಿದೆ.