ಸೋರಿದ ನೀರು ಯಾರದ್ದು?

ಬಂಡೀಪುರಕ್ಕೆ ಸಫಾರಿಗೆ ಹೋಗಿ ಬಂದವರ ಮೊಬೈಲಿನಲ್ಲಿ ಕೆರೆಯ ಫೋಟೋ ಒಂದಾದರೂ ಇದ್ದೇ ಇರುತ್ತೆ. ಹಿಂದೆ ಎಲೆ ಉದುರಿಸಿಕೊಂಡ ಮರಗಳು, ಮುಂದೆ ನೀರು, ನೀರಲ್ಲಿ ಆನೆ. ಅಂಥ ಕೆರೆಗಳಲ್ಲಿ ಎಷ್ಟೋ ಮನುಷ್ಯರೇ ಕಟ್ಟಿದ್ದು, ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ನೀರು ಅನ್ನೋದು ಫೋಟೋದಲ್ಲಿ ಕಾಣೋದಿಲ್ಲ. ಮನುಷ್ಯ ಕಟ್ಟಿದ್ದು ಅಂದಮೇಲೆ ಒಂದಲ್ಲ ಒಂದು ದಿನ ಸೋರುತ್ತೆ.

ಕಾಡಿನ ಕೆರೆ ಸೋರಿದರೆ ರಿಪೇರಿ ಮಾಡಬೇಕಾ? ಇದೇನು ಪೆದ್ದು ಪ್ರಶ್ನೆ ಅಂದುಕೊಳ್ಳಬೇಡಿ. ನಮ್ಮ ಫೀಲ್ಡಿನಲ್ಲಿ ಲೀಕ್ ಅಂದ ತಕ್ಷಣ ಟಿಕೆಟ್ ಹಾಕ್ತೀವಿ, ಯಾರೂ ಲೀಕಿನ ಪರ ವಾದ ಮಾಡೋದಿಲ್ಲ. ನಾನು ಸ್ವಲ್ಪ ಮಾಡ್ತೀನಿ.

ಕೆರೆ ಸೋರೋದು ಎರಡು ಕಡೆ. ಒಂದು, ಏರಿಯಲ್ಲಿ. ಏಡಿ, ಹೆಗ್ಗಣ ಬಿಲ ತೋಡ್ತವೆ. ಏರಿ ಮೇಲೆ ಬೆಳೆದ ಮರ ಸತ್ತು ಬೇರು ಕೊಳೆತರೆ ಒಳಗೊಂದು ಕೊಳವೆಯೇ ಆಗಿಬಿಡುತ್ತೆ. ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಗಾಬರಿ ಬೇಡ. ಮಣ್ಣು ಹೊತ್ತುಕೊಂಡು ಕೆಂಪಗೆ ಬಂತು ಅಂದರೆ ಏರಿ ಒಳಗಿಂದ ಕರಗುತ್ತಿದೆ ಅಂತ ಅರ್ಥ. ಅದನ್ನು ಮುಚ್ಚಲೇಬೇಕು. ಅಗೆದು, ಜೇಡಿಮಣ್ಣು ಹದವಾಗಿ ನೆನೆಸಿ, ಪದರ ಪದರವಾಗಿ ತುಳಿಸಬೇಕು. ಊರಲ್ಲಾದರೆ ಈ ಕೆಲಸಕ್ಕೆ ದನ, ಎಮ್ಮೆ ಇಳಿಸುತ್ತಿದ್ದರು.

ಇನ್ನೊಂದು, ತಳದಲ್ಲಿ. ಇದು ಕಣ್ಣಿಗೆ ಕಾಣದ ಸೋರಿಕೆ. ನಮ್ಮೂರ ಕೆರೆಗೆ ಒಂದು ಬೇಸಿಗೆ ಜೆಸಿಬಿ ಬಂತು. ಹೂಳು ತೆಗೆಯೋ ಉತ್ಸಾಹದಲ್ಲಿ ಕೆಳಗಿನ ಗರಸು ಕಾಣೋವರೆಗೂ ಬಾಚಿದರು. ಗೋಡುಮಣ್ಣು ಟ್ರ್ಯಾಕ್ಟರ್ ಲೆಕ್ಕದಲ್ಲಿ ಹೊಲಗಳಿಗೆ ಹೋಯ್ತು, ಬಿಲ್ಲೂ ಆಯ್ತು. ಆ ವರ್ಷ ಮಳೆಗೆ ಕೆರೆ ತುಂಬಿತು, ದೀಪಾವಳಿ ಹೊತ್ತಿಗೆ ಖಾಲಿ! ಹೂಳು ಹೂಳು ಅಂತ ನಾವು ಬೈಯುವ ಆ ನುಣುಪು ಮಣ್ಣೇ ಕೆರೆಯ ತಳಕ್ಕೆ ಗಾರೆ. ಮೇಲಿನದನ್ನಷ್ಟೇ ತೆಗೆದು ತಳದ ಪದರವನ್ನು ಬಿಡಬೇಕು. ಇದು ನೀರುಗಂಟಿಗೆ ಗೊತ್ತಿತ್ತು, ಟೆಂಡರಿಗೆ ಗೊತ್ತಿರಲಿಲ್ಲ.

ಸರಿ, ಸೋರಿದ ನೀರು ಎಲ್ಲಿಗೆ ಹೋಗುತ್ತೆ? ಏರಿಯ ಕೆಳಗೆ ಹೋಗಿ ನೋಡಿ. ಸುತ್ತ ಎಲ್ಲ ಒಣಗಿದ್ದರೂ ಅಲ್ಲೊಂದು ಪಟ್ಟಿ ಹಸಿರಾಗಿರುತ್ತೆ, ಜಿಂಕೆಗಳಿಗೆ ಹುಲ್ಲು. ತೇವದ ಮಣ್ಣಿನಿಂದ ಲವಣ ಹೀರೋಕೆ ಚಿಟ್ಟೆಗಳು ಗುಂಪಾಗಿ ಕೂತಿರುತ್ತವೆ. ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಅಷ್ಟೊಂದು ಆನೆಗಳು ಬರೋದು ಬರೀ ನೀರಿಗಲ್ಲ. ನೀರು ಹಿಂದೆ ಸರಿದ ಜಾಗದಲ್ಲಿ ಚಿಗುರುವ ಹುಲ್ಲಿಗೆ. ಪೂರ್ತಿ ಒಣಗುವ ಹೊಂಡದಲ್ಲಿ ಮೀನು ಉಳಿಯೋದಿಲ್ಲ, ಅದಕ್ಕೇ ಕಪ್ಪೆಯ ಮರಿಗಳು ಅಲ್ಲಿ ಬದುಕಿಕೊಳ್ಳುತ್ತವೆ. ಪೋಲು ಅನ್ನೋದು ಯಾರ ಲೆಕ್ಕದ ಪೋಲು?

ವರ್ಷಪೂರ್ತಿ ನೀರು ಕೊಡೋದು ಪುಣ್ಯದ ಕೆಲಸ ಅನ್ನೋರಿಗೆ ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕಿನ ಕಥೆ ಹೇಳಬೇಕು. ಅಲ್ಲಿ ದಶಕಗಳ ಕಾಲ ನೂರಾರು ಬೋರ್‌ವೆಲ್ ಕೊರೆದು ಪ್ರಾಣಿಗಳಿಗೆ ನೀರಿಟ್ಟರು. ಉತ್ತರ ಭಾಗದ ಒಣ ಬಯಲಿನಲ್ಲಿ ರೋನ್ ಅನ್ನುವ ಅಪರೂಪದ ಜಿಂಕೆಯಂಥ ಪ್ರಾಣಿ ಇತ್ತು. ನೀರು ಸಿಕ್ಕಿತು ಅಂತ ಜೀಬ್ರಾಗಳು ಬಂದವು, ಜೀಬ್ರಾಗಳ ಹಿಂದೆ ಸಿಂಹಗಳು ಬಂದವು. 1986ರಲ್ಲಿ ಸುಮಾರು 450 ಇದ್ದ ರೋನ್, 1993ರ ಹೊತ್ತಿಗೆ ಸುಮಾರು 45ಕ್ಕೆ ಇಳಿದವು. ಕೊನೆಗೆ ಎಷ್ಟೋ ಬೋರ್‌ವೆಲ್‌ಗಳನ್ನು ಅವರೇ ಮುಚ್ಚಿದರು. ಬಂಡೀಪುರದಲ್ಲೂ ಈಗ ಸೋಲಾರ್ ಪಂಪಿನಿಂದ ಹೊಂಡ ತುಂಬಿಸುತ್ತಾರೆ. ನಮ್ಮ ಕಾಡು ಆಫ್ರಿಕಾದ ಬಯಲಲ್ಲ, ಒಪ್ಪಿದೆ. ಆದರೂ ಆ ಪಂಪು ನೋಡಿದಾಗಲೆಲ್ಲ ನನಗೆ ರೋನ್ ನೆನಪಾಗುತ್ತೆ.

ಹಾಗಾದರೆ ಕೈಬಿಟ್ಟುಬಿಡೋಣ, ಪ್ರಕೃತಿ ನೋಡಿಕೊಳ್ಳುತ್ತೆ ಅಂತೀರಾ? ವೀಕೆಂಡಿಗೆ ಬಂದು ಹೋಗೋರಿಗೆ ಈ ಮಾತು ಸಲೀಸು. ಆನೆ ಹಿಂಡಿನ ಹಿರಿಯಜ್ಜಿಗೆ ಎಲ್ಲೆಲ್ಲಿ ನೀರಿದೆ ಅಂತ ಗೊತ್ತು. ಅವಳ ಹಿಂದೆ ನಡೆದ ಮರಿಗಳೂ ಅದೇ ದಾರಿ ಕಲಿತಿವೆ. ಅಲ್ಲೊಂದು ಕೆರೆ ಕಟ್ಟಿದ್ದು ನಾವು ಮಾತು ಕೊಟ್ಟ ಹಾಗೆ. ಏಪ್ರಿಲ್‌ನಲ್ಲಿ ಅಲ್ಲಿ ನೀರಿಲ್ಲ ಅಂತಾದರೆ ಅವು ಕಾಡಂಚಿನ ಬಾಳೆತೋಟಕ್ಕೆ ಇಳಿಯುತ್ತವೆ. ಆಗ ಬೆಲೆ ಕೊಡೋದು ತೋಟದವನು, ಆಮೇಲೆ ಆನೆ. ಸಿದ್ಧಾಂತ ಹೇಳಿದವರು ಅಷ್ಟೊತ್ತಿಗೆ ಬೆಂಗಳೂರು ಸೇರಿರ್ತಾರೆ.

ನನ್ನನ್ನು ಕೇಳಿದರೆ, ಏರಿಗೆ ಜೇಡಿಮಣ್ಣು ಹಾಕಿ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸೋಕೆ ಹೋಗಬೇಡಿ, ಆನೆ ಕಾಲಿಗೆ ಅದು ಒಂದು ಸೀಸನ್ನೂ ತಡೆಯೋದಿಲ್ಲ. ತಳದ ಹೂಳು ಮುಟ್ಟಬೇಡಿ. ಹಂದಿ, ಆನೆ ಬಂದು ಹೊರಳಾಡಲಿ, ಎಮ್ಮೆಗಳು ಮಾಡುತ್ತಿದ್ದ ತುಳಿತದ ಕೆಲಸ ಅವೇ ಮಾಡಿಕೊಳ್ಳುತ್ತವೆ. ಚಿಕ್ಕ ಹೊಂಡ ಮಾರ್ಚ್‌ನಲ್ಲಿ ಒಣಗಿದರೆ ಒಣಗಲಿ, ದೊಡ್ಡದೊಂದರಲ್ಲಿ ನೀರಿದ್ದರೆ ಸಾಕು. ಯಾವುದು ಚಿಕ್ಕದು, ಯಾವುದು ದೊಡ್ಡದು ಅನ್ನೋದನ್ನು ಅಲ್ಲಿ ದಿನಾ ಗಸ್ತು ತಿರುಗೋ ವಾಚರ್‌ನ ಕೇಳಿ. ಏರಿ ಕೆಳಗಿನ ನೀರು ಇವತ್ತು ತಿಳಿಯಾಗಿದೆಯಾ, ಕೆಂಪಗಿದೆಯಾ ಅಂತಲೂ ಅವನಿಗೇ ಗೊತ್ತಿರುತ್ತೆ.