ಸೆರೆಯಲ್ಲಿರುವ ಬಸುರಿ: ದಯೆಯೋ, ಹೊಣೆಯೋ?

2020ರ ಜೂನ್ 23ರಂದು ದೆಹಲಿ ಹೈಕೋರ್ಟ್ ತಿಹಾರ್ ಜೈಲಿನಲ್ಲಿದ್ದ 23 ವಾರಗಳ ಗರ್ಭಿಣಿಯೊಬ್ಬಳಿಗೆ ಜಾಮೀನು ಕೊಟ್ಟಿತು. ಆಕೆಯ ಮೇಲಿದ್ದದ್ದು ಆ ವರ್ಷದ ದೆಹಲಿ ಗಲಭೆಯ ಸಂಚಿನ ಆರೋಪ, ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯ ಅಡಿಯಲ್ಲಿ. ಸರ್ಕಾರ ಮಾನವೀಯ ನೆಲೆಯಲ್ಲಿ ವಿರೋಧ ಕೈಬಿಟ್ಟಿತು. ಈ ಆದೇಶ ಮುಂದಿನವರಿಗೆ ಮೇಲ್ಪಂಕ್ತಿಯಾಗಬಾರದೆಂಬ ಮಾತೂ ಸೇರಿತು. ದಯೆಯ ಸ್ವಭಾವವೇ ಅಂಥದ್ದು: ಇಂದು ಒಬ್ಬಳಿಗೆ ತೋರಿದರೆಂದು ನಾಳೆ ಇನ್ನೊಬ್ಬಳಿಗೆ ತೋರಬೇಕಾಗಿಲ್ಲ. ಆದರೆ ಸಾಂಕ್ರಾಮಿಕದ ಕಾಲದಲ್ಲಿ ಸೆರೆಯಲ್ಲಿರುವ ಬಸುರಿಯ ಆರೈಕೆ ದಯೆಗೆ ಬಿಡುವ ಸಂಗತಿಯಲ್ಲ. ಹೊರಗಿರುವವಳು ಜನರಿಂದ ದೂರ ಉಳಿಯಬಲ್ಲಳು, ತನಗೆ ನಂಬಿಕೆಯಿರುವ ವೈದ್ಯರನ್ನು ಹುಡುಕಬಲ್ಲಳು. ಒಳಗಿರುವವಳಿಂದ ಎರಡನ್ನೂ ಕಿತ್ತುಕೊಂಡದ್ದು ಪ್ರಭುತ್ವ. ಕಾಪಾಡಿಕೊಳ್ಳುವ ದಾರಿ ಮುಚ್ಚಿದವರೇ ಕಾಪಾಡುವ ಭಾರವನ್ನೂ ಹೊರಬೇಕು.

ಹತ್ತು ವರ್ಷಗಳಲ್ಲಿ ತಿಹಾರ್‌ನಲ್ಲಿ 39 ಹೆರಿಗೆಗಳಾಗಿವೆ, ಈಕೆಗೇಕೆ ವಿನಾಯಿತಿ ಎಂದು ಪೊಲೀಸರು ವಾದಿಸಿದ್ದರು. ಹೆರಿಗೆಗಳಾದವು ಎಂಬುದು ಅವು ಅಲ್ಲಿಯೇ ಆಗಬೇಕಿತ್ತು ಎಂಬುದಕ್ಕೆ ಪುರಾವೆಯಾಗದು. ಸಾಧ್ಯವಾದಷ್ಟೂ ಹೆರಿಗೆ ಜೈಲಿನಾಚೆ ಆಗಲಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತ್ತು. ಕರ್ಮವನ್ನು ನಂಬುವವರ ಆಕ್ಷೇಪ ಇನ್ನೂ ಆಳದ್ದು: ಅಲ್ಲಿ ಹುಟ್ಟುವುದು ಕೂಸಿನ ಪ್ರಾರಬ್ಧ. ಆದರೆ ಮಾಡಿದ್ದು ಮಾಡಿದವರಿಗೆ ಎಂಬುದೇ ಆ ಸಿದ್ಧಾಂತದ ಮೊದಲ ಪಾಠ. ತಾಯಿಯ ಕರ್ಮ ಕೂಸಿಗೆ ಅಂಟದು. ಕೂಸಿಗೆ ತನ್ನದೇ ಪ್ರಾರಬ್ಧವಿದ್ದರೂ ಅದನ್ನು ಉಣಿಸುವ ಅಧಿಕಾರ ಜೈಲಿಗಿಲ್ಲ. ಕೃಷ್ಣ ಸೆರೆಮನೆಯಲ್ಲಿ ಹುಟ್ಟಿದನೆಂದು ಅಷ್ಟಮಿ ಆಚರಿಸುವ ನಾವು, ದೇವಕಿಯ ಸೆರೆ ವಿಧಿಲಿಖಿತವೆಂದು ಕಂಸನನ್ನು ಖುಲಾಸೆ ಮಾಡುವುದಿಲ್ಲ.

ಹಾಗಾದರೆ ಗಲಭೆಯಲ್ಲಿ ನೊಂದವರ ಗತಿಯೇನು? ಜಾಮೀನು ಖುಲಾಸೆಯಲ್ಲ; ಆಕೆ ಅನುಮತಿಯಿಲ್ಲದೆ ದೆಹಲಿ ಬಿಡುವಂತಿರಲಿಲ್ಲ, 15 ದಿನಕ್ಕೊಮ್ಮೆ ತನಿಖಾಧಿಕಾರಿಗೆ ಫೋನ್ ಮಾಡಬೇಕಿತ್ತು. ಗಲ್ಲು ಶಿಕ್ಷೆಗೆ ಗುರಿಯಾದವಳು ಗರ್ಭಿಣಿಯಾಗಿದ್ದರೆ ಅದನ್ನು ಜೀವಾವಧಿಗೆ ಇಳಿಸಬೇಕೆಂದು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 416ನೇ ಕಲಮೇ ಹೇಳುತ್ತಿತ್ತು. ಅಪರಾಧ ಸಾಬೀತಾದವಳ ಗರ್ಭಕ್ಕೆ ಕಾನೂನು ಅಷ್ಟು ಮನ್ನಣೆ ಕೊಟ್ಟಮೇಲೆ, ವಿಚಾರಣೆಯೇ ಮುಗಿಯದವಳ ಗರ್ಭಕ್ಕೆ ಕಡಿಮೆ ಕೊಡುವುದು ಹೇಗೆ? ಕೋವಿಡ್ ಬಂದಾಗ ಜೈಲುಗಳ ದಟ್ಟಣೆ ತಗ್ಗಿಸಲು 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸಮಿತಿ ರಚಿಸಲು ಹೇಳಿತು; ಯಾರನ್ನು ಬಿಡಬಹುದೆಂಬುದಕ್ಕೆ ಅದು ಕೊಟ್ಟ ಉದಾಹರಣೆ, 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳು. ಸೋಂಕು ಕಲಂ ನೋಡಿ ತಗಲುವುದಿಲ್ಲ. ಆರೋಪದ ತೂಕದ ಜೊತೆಗೆ ದೇಹದ ಸ್ಥಿತಿಯನ್ನೂ ಅಳೆಯಬೇಕಿತ್ತು. ದಯೆಯಾದರೆ ಬೇಡಬೇಕು, ಒಳ್ಳೆಯ ವಕೀಲರಿಲ್ಲದ, ಪತ್ರಿಕೆಯಲ್ಲಿ ಸುದ್ದಿಯಾಗದ ವಿಚಾರಣಾಧೀನ ಬಸುರಿಗೆ ಬೇಡುವ ದಾರಿಯೂ ಗೊತ್ತಿರುವುದಿಲ್ಲ. ಹೊಣೆಯಾದರೆ, ಅವಳು ಕೇಳುವ ಮೊದಲೇ ಜೈಲು ತಾನಾಗಿ ಕೋರ್ಟಿಗೆ ತಿಳಿಸಬೇಕು. ಬಿಡದಿದ್ದರೆ ಏಕೆಂದು ಕೋರ್ಟು ಕಾರಣ ಬರೆಯಬೇಕು.