ಹತ್ತೊಂಬತ್ತನೆಯ ಸ್ಥಾನದ ಬೆಲೆ



ಖಾಸಬಾಗ, ಶಹಾಪುರ, ವಡಗಾವಿಯ ಬೀದಿಗಳಲ್ಲಿ ವಾಸಿಸುವವರಿಗೆ ನಸುಕಿನ ಓಟಗಾರರು ಅಪರಿಚಿತರಲ್ಲ. ಮಗ್ಗಗಳ ಸದ್ದು ಆರಂಭವಾಗುವ ಮೊದಲೇ ಅವರು ರಸ್ತೆಗಿಳಿದಿರುತ್ತಾರೆ. ಸ್ವಲ್ಪ ಗಮನವಿಟ್ಟು ನೋಡಿದರೆ ಅವರಲ್ಲಿ ಎರಡು ಬಗೆಯವರು ಕಾಣಸಿಗುತ್ತಾರೆ. ಮೊದಲನೆಯವರು ಹದಿನೆಂಟು ಇಪ್ಪತ್ತರ ಪ್ರಾಯದ ಯುವಕರು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಈ ನಗರದಲ್ಲಿಯೂ, ಖಾನಾಪುರದ ಹಳ್ಳಿಗಳಲ್ಲಿಯೂ ಸೇನೆಯ ಭರ್ತಿಗಾಗಿ ಓಡುವ ಹುಡುಗರು ಯಾವ ಕಾಲಕ್ಕೂ ಇದ್ದಾರೆ. ಆ ಪರೀಕ್ಷೆಯಲ್ಲಿ 1.6 ಕಿಲೋಮೀಟರ್ ದೂರವನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ಣ ಅಂಕ. ಒಂದೆರಡು ಸೆಕೆಂಡು ತಡವಾದರೂ ಅಂಕ ಇಳಿಯುತ್ತದೆ. ಇವರು ಏಕೆ ಓಡುತ್ತಾರೆಂದು ಯಾರೂ ಕೇಳುವುದಿಲ್ಲ. ಮನೆಗೆ ಅನ್ನ ಬೇಕಾಗಿದೆ, ಓಡುತ್ತಾರೆ.

ಎರಡನೆಯವರನ್ನು ಕುರಿತು ಮಾತ್ರ ಜನ ಪ್ರಶ್ನೆ ಕೇಳುತ್ತಾರೆ, ಕೆಲವೊಮ್ಮೆ ನಗುತ್ತಾರೆ ಕೂಡ. ಇವರು ನಲವತ್ತು ದಾಟಿದ ಬ್ಯಾಂಕ್ ನೌಕರರು, ಶಿಕ್ಷಕಿಯರು, ವೈದ್ಯರು, ವ್ಯಾಪಾರಸ್ಥರು. ಇವರು ಸಿದ್ಧರಾಗುತ್ತಿರುವುದು ಅರ್ಧ ಮ್ಯಾರಥಾನಿಗೆ, ಎಂದರೆ 21 ಕಿಲೋಮೀಟರ್ 97.5 ಮೀಟರ್ ದೂರದ ರಸ್ತೆ ಓಟಕ್ಕೆ. ಜಗತ್ತಿನ ಶ್ರೇಷ್ಠ ಪುರುಷ ಓಟಗಾರರು ಈ ದೂರವನ್ನು ಒಂದು ಗಂಟೆಯೊಳಗೆ ಕ್ರಮಿಸುತ್ತಾರೆ. ನಮ್ಮ ಈ ಬಂಧುಗಳಿಗೆ ಎರಡೂವರೆ ಗಂಟೆ ಬೇಕಾದೀತು. ತಾವು ಗೆಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತು, ಹತ್ತನೆಯವರಾಗಿಯೂ ಬರುವುದಿಲ್ಲ. ಹಾಗಿದ್ದರೆ ಗೆಲ್ಲುವ ಸಾಧ್ಯತೆಯೇ ಇಲ್ಲದ ಸ್ಪರ್ಧೆಯೊಂದಕ್ಕೆ ಮನುಷ್ಯನು ಹಣ ಕೊಟ್ಟು, ನಿದ್ರೆ ಬಿಟ್ಟು, ಆರು ತಿಂಗಳು ಬೆವರು ಹರಿಸಿ ಹೋಗುವುದರಲ್ಲಿ ಅರ್ಥವಿದೆಯೇ? ಪ್ರಶ್ನೆ ಆಟದ್ದೆಂದು ತೋರುತ್ತದೆ. ಆದರೆ ಅದು ನಮ್ಮ ಮನೆಗಳ ಒಳಗಿನ ಪ್ರಶ್ನೆಯೂ ಹೌದು.

ನಮ್ಮ ದೇಶದಲ್ಲಿ ಈ ರಸ್ತೆ ಓಟಗಳ ಸಂಸ್ಕೃತಿ ತೀರ ಹಳೆಯದೇನಲ್ಲ. 2004ರಲ್ಲಿ ಮುಂಬೈ ಮ್ಯಾರಥಾನ್, 2005ರಲ್ಲಿ ದೆಹಲಿಯ ಅರ್ಧ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಆರಂಭವಾದ ಮೇಲೆ ಸಣ್ಣ ನಗರಗಳಿಗೂ ಈ ಗಾಳಿ ಬೀಸಿತು. ಶುಲ್ಕ ಕಟ್ಟಿದವರಿಗೆ ಎದೆಗೆ ಅಂಟಿಸಿಕೊಳ್ಳುವ ಸಂಖ್ಯೆ, ಒಂದು ಟೀ ಶರ್ಟ್, ದಾರಿಯಲ್ಲಿ ನೀರು, ಕೊನೆಯಲ್ಲಿ ಬಾಳೆಹಣ್ಣು ಮತ್ತು ಪದಕ. ಈ ಪದಕವೇ ಹಲವರ ಕಣ್ಣಿಗೆ ಚುಚ್ಚುತ್ತದೆ, ಏಕೆಂದರೆ ಅದು ಮೊದಲನೆಯವನಿಗೂ ಸಿಗುತ್ತದೆ, ಎರಡು ಸಾವಿರದವನಿಗೂ ಸಿಗುತ್ತದೆ. “ದುಡ್ಡು ಕೊಟ್ಟು ಕೊಂಡ ಪದಕಕ್ಕೆ ಏನು ಬೆಲೆ?” ಎಂದು ಹಿರಿಯರು ಕೇಳುವುದುಂಟು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ಲರಿಗೂ ಮಾನ ಎಂದರೆ ಯಾರಿಗೂ ಮಾನವಿಲ್ಲ ಎಂಬ ಭಯ ಅದರ ಹಿಂದಿದೆ.

ಆದರೆ ಇದರ ಎದುರು ಬದಿಯಲ್ಲಿರುವ ರೋಗ ಇನ್ನೂ ಭಯಂಕರವಾದುದು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆಂಬುದನ್ನು ನೆನಪಿಸಿಕೊಳ್ಳಿ. 625ಕ್ಕೆ 625 ಪಡೆದವರ ಭಾವಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. 560 ಪಡೆದ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಾಳೆ. ನೆರೆಮನೆಯವರು ಆಕೆ ಏನು ಕಲಿತಳೆಂದು ಕೇಳುವುದಿಲ್ಲ, ಶಾಲೆಗೆ ಎಷ್ಟನೆಯವಳೆಂದು ಕೇಳುತ್ತಾರೆ. ಒಬ್ಬರು ಮೊದಲಿಗರಾದ ತರಗತಿಯಲ್ಲಿ ಉಳಿದ ಐವತ್ತೊಂಬತ್ತು ಮಂದಿ ಸೋತವರು ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ಅದೆಷ್ಟು ಆಳವಾಗಿ ಇಳಿದಿದೆಯೆಂದರೆ, ಅದು ಲೆಕ್ಕವೆಂದೇ ನಮಗೆ ತೋರುವುದಿಲ್ಲ.

ಈ ಲೆಕ್ಕಕ್ಕೆ ಉತ್ತರ ಹೇಳಬಲ್ಲ ವ್ಯಕ್ತಿಯೊಬ್ಬರು ನಮ್ಮ ಬೆಳಗಾವಿಯವರೇ ಆಗಿದ್ದರು. ಮೊಣಕಾಲಿಗೆ ಪೆಟ್ಟು ಬಿದ್ದರೂ ಎಲ್ಲರಿಗಿಂತ ಕೊನೆಯವನಾಗಿ ಓಟ ಮುಗಿಸಿದ ತಾಂಜಾನಿಯದ ಓಟಗಾರನ ಕಥೆಯನ್ನು ನೀವು ಪ್ರವಚನಗಳಲ್ಲಿ ಸಾಕಷ್ಟು ಕೇಳಿರುತ್ತೀರಿ. ನನಗಂತೂ ನಮ್ಮೂರಿನವರ ಕಥೆಯೇ ಹೆಚ್ಚು ಪ್ರಿಯ. ಅವರು ಫಡೆಪ್ಪ ದಾರೆಪ್ಪ ಚೌಗುಲೆ. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪುಣೆಯ ಡೆಕ್ಕನ್ ಜಿಮ್ಖಾನದ ಕ್ರೀಡಾಕೂಟದಲ್ಲಿ ರೈತಾಪಿ ಯುವಕರು ಬರಿಗಾಲಿನಲ್ಲಿ ಓಡುವ ವೇಗವನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರು, ತಮ್ಮ ಸ್ವಂತ ಹಣವನ್ನೂ ಹಾಕಿ, 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಒಂದು ಸಣ್ಣ ತಂಡವನ್ನು ಕಳುಹಿಸಿದರು. ಆ ತಂಡದಲ್ಲಿ ಚೌಗುಲೆಯವರಿದ್ದರು. ಆ ವರ್ಷ ಆಗಸ್ಟ್ 22ರಂದು ನಡೆದ ಮ್ಯಾರಥಾನಿನ ದೂರ ಇಂದಿನ 42.195 ಕಿಲೋಮೀಟರ್ ಆಗಿರಲಿಲ್ಲ. ಅದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು, 42.75 ಕಿಲೋಮೀಟರ್ ಇತ್ತು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದನು. ಚೌಗುಲೆಯವರು 2 ಗಂಟೆ 50 ನಿಮಿಷ ಕಳೆದ ಮೇಲೆ ಗುರಿ ಮುಟ್ಟಿದರು. ಹತ್ತೊಂಬತ್ತನೆಯ ಸ್ಥಾನ. ಅವರ ಜೊತೆಗಾರ ಸದಾಶಿವ ದಾತಾರರಿಗೆ ಓಟ ಮುಗಿಸಲಾಗಲಿಲ್ಲ.

ಹತ್ತೊಂಬತ್ತನೆಯವನಿಗೆ ಪದಕವಿಲ್ಲ, ವೇದಿಕೆಯಿಲ್ಲ. ಶಾಲೆಯ ಗುಣಪಟ್ಟಿಯ ಭಾಷೆಯಲ್ಲಿ ಹೇಳುವುದಾದರೆ ಅದು ಲೆಕ್ಕಕ್ಕೇ ಬಾರದ ಸಂಖ್ಯೆ. ಆದರೂ ಅವರು ಓಡಿದ 42 ಕಿಲೋಮೀಟರ್ 750 ಮೀಟರುಗಳಲ್ಲಿ ಒಂದು ಗೇಣೂ ಕಡಿಮೆಯಿರಲಿಲ್ಲ. ಗೆದ್ದವನು ಕ್ರಮಿಸಿದ ದೂರವನ್ನೇ ಇವರೂ ಕ್ರಮಿಸಿದರು. ಸ್ಥಾನ ಎಂಬುದು ಇತರರು ಯಾರು ಬಂದಿದ್ದರು, ಎಷ್ಟು ಬೇಗ ಓಡಿದರು ಎಂಬುದನ್ನು ಅವಲಂಬಿಸಿದೆ. ದೂರ ಹಾಗಲ್ಲ, ಅದು ಓಡಿದವನದೇ ಸ್ವತ್ತು.

ಖಾಸಬಾಗದ ನೇಕಾರ ಕುಟುಂಬಗಳಿಗೆ ಈ ಭೇದವನ್ನು ನಾನು ವಿವರಿಸಬೇಕಾದ ಅಗತ್ಯವಿಲ್ಲ. ಕೈಮಗ್ಗವಿರಲಿ, ವಿದ್ಯುತ್ ಮಗ್ಗವಿರಲಿ, ಸೀರೆ ತಂದವನನ್ನು “ನೀನು ಈ ಪೇಟೆಯಲ್ಲಿ ಎಷ್ಟನೆಯ ನೇಕಾರ?” ಎಂದು ಯಾವ ಸಾಹುಕಾರನೂ ಕೇಳುವುದಿಲ್ಲ. ಸೀರೆಯನ್ನು ಬಿಡಿಸಿ ಅಳೆಯುತ್ತಾನೆ. ಸೆರಗು ಸರಿಯಿದೆಯೇ, ಹೊಕ್ಕು ಬಿಟ್ಟುಹೋಗಿದೆಯೇ, ಉದ್ದ ಪೂರ್ತಿಯಿದೆಯೇ ಎಂದು ನೋಡುತ್ತಾನೆ. ಪೂರ್ತಿಯಿದ್ದರೆ ಪೂರ್ತಿ ಕೂಲಿ. ಒಂದು ಮೊಳ ಕಡಿಮೆಯಾದರೆ, ನೇಕಾರನು ಎಷ್ಟೇ ಚುರುಕಾಗಿ ಲಾಳಿ ಆಡಿಸಿದ್ದರೂ ಅದು ಸೀರೆಯಾಗದು. ಹತ್ತು ಮಂದಿ ಹತ್ತು ಪೂರ್ಣ ಸೀರೆ ನೇಯ್ದರೆ ಹತ್ತು ಮಂದಿಗೂ ಕೂಲಿ ಸಲ್ಲುತ್ತದೆ, ಅದರಿಂದ ಯಾರ ಸೀರೆಯ ಬೆಲೆಯೂ ಇಳಿಯುವುದಿಲ್ಲ.

ರಸ್ತೆ ಓಟದಲ್ಲಿಯೂ ಅಳತೆಯ ವಿಷಯದಲ್ಲಿ ಇಂಥದೇ ನಿಷ್ಠೆಯಿದೆಯೆಂಬುದು ಬಹಳ ಜನರಿಗೆ ತಿಳಿಯದು. ಅಂತರರಾಷ್ಟ್ರೀಯ ನಿಯಮದಂತೆ ಮಾರ್ಗವನ್ನು ಅಳೆಯುವವರು, ಮುಂದಿನ ಗಾಲಿಗೆ ಎಣಿಕೆಯ ಯಂತ್ರ ಜೋಡಿಸಿದ ಸೈಕಲ್ಲನ್ನು ಬಳಸುತ್ತಾರೆ. ಉಕ್ಕಿನ ಪಟ್ಟಿಯಿಂದ ಅಳೆದ ನೇರ ರಸ್ತೆಯ ಮೇಲೆ ಮೊದಲು ಆ ಸೈಕಲ್ಲನ್ನೇ ಪರೀಕ್ಷಿಸುತ್ತಾರೆ. ಬಳಿಕ, ಓಟಗಾರನು ತಿರುವುಗಳನ್ನು ಎಷ್ಟು ಸಮೀಪದಿಂದ ಬಳಸಿ ಓಡಬಲ್ಲನೋ ಅಷ್ಟು ಸಮೀಪದಿಂದ ಸವಾರಿ ಮಾಡಿ ಅತ್ಯಂತ ಹತ್ತಿರದ ದಾರಿಯನ್ನು ಅಳೆಯುತ್ತಾರೆ. ಅಷ್ಟಕ್ಕೂ ತೃಪ್ತರಾಗದೆ, ಪ್ರತಿ ಕಿಲೋಮೀಟರಿಗೆ ಒಂದು ಮೀಟರಿನಂತೆ ಸೇರಿಸುತ್ತಾರೆ. ಅರ್ಧ ಮ್ಯಾರಥಾನಿಗೆ ಸುಮಾರು ಇಪ್ಪತ್ತೊಂದು ಮೀಟರ್ ಹೆಚ್ಚು. ಅಳತೆಯಲ್ಲಿ ತಪ್ಪಿದ್ದರೂ ಯಾರೊಬ್ಬರೂ ಕಡಿಮೆ ಓಡಿದವರಾಗಬಾರದು ಎಂಬುದೇ ಇದರ ಉದ್ದೇಶ. ಅಳತೆಯನ್ನು ಕುರಿತು ಪ್ರಭು ಹೇಳಿದ ಮಾತು ನಿಮಗೆ ನೆನಪಾಗಬಹುದು, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಇಂಥ ಅಳತೆಯಿರುವಲ್ಲಿ ಮೋಸಕ್ಕೆ ಬೇರೆಯೇ ಅರ್ಥ ಬರುತ್ತದೆ. 1904ರ ಸೇಂಟ್ ಲೂಯಿ ಒಲಿಂಪಿಕ್ಸಿನಲ್ಲಿ ಫ್ರೆಡ್ ಲಾರ್ಜ್ ಎಂಬುವನು ಮ್ಯಾರಥಾನಿನ ನಡುವೆ ಮೋಟಾರು ಹತ್ತಿ ಬಹುದೂರ ಸಾಗಿ, ಕೊನೆಗೆ ಇಳಿದು ಓಡಿ ಕ್ರೀಡಾಂಗಣ ಪ್ರವೇಶಿಸಿದಾಗ ಜನ ಅವನನ್ನು ವಿಜಯಿಯೆಂದು ಸ್ವಾಗತಿಸಿದರು. 1980ರಲ್ಲಿ ಬಾಸ್ಟನ್ನಿನಲ್ಲಿ ರೋಸಿ ರೂಯಿಜ್ ಎಂಬಾಕೆಯ ತಲೆಗೆ ಹಸಿರೆಲೆಯ ಕಿರೀಟವನ್ನೇ ಇಟ್ಟರು. ಆಕೆ ಓಟವನ್ನು ಸೇರಿಕೊಂಡದ್ದು ಗುರಿಗೆ ಕೂಗಳತೆಯ ದೂರದಲ್ಲಿ ಎಂಬುದು ಬಳಿಕ ಬಯಲಾಯಿತು. ಕೀರ್ತಿಯ ಆಸೆಯಿಂದ ಮಾಡಿದ ಈ ಮೋಸಗಳು ನಮಗೆ ಅರ್ಥವಾಗುತ್ತವೆ. ಅರ್ಥವಾಗದಿರುವುದು ಇನ್ನೊಂದು. ಮೂರು ಸಾವಿರದ ಸ್ಥಾನಕ್ಕೆ ಬರಲಿರುವವನು, ಯಾವ ಬಹುಮಾನದ ಆಸೆಯೂ ಇಲ್ಲದವನು, ತಿರುವಿನಲ್ಲಿ ದಾರಿ ಕತ್ತರಿಸಿ ಎರಡು ಕಿಲೋಮೀಟರ್ ಉಳಿಸುತ್ತಾನೆ. ಇಲ್ಲವೇ ತನ್ನ ಸಂಖ್ಯೆಯನ್ನು ಇನ್ನೊಬ್ಬನಿಗೆ ತೊಡಿಸಿ ಓಡಿಸುತ್ತಾನೆ. ದೊಡ್ಡ ಓಟಗಳಲ್ಲಿ ಸಂಖ್ಯೆಯ ಹಿಂದೆ ಚಿಪ್ ಅಳವಡಿಸಿ ದಾರಿಯುದ್ದಕ್ಕೂ ಕಾಲ ದಾಖಲಿಸುವ ಹಾಸುಗಳನ್ನು ಹಾಸುವುದು ಇವನಂಥವರನ್ನು ಹಿಡಿಯಲಿಕ್ಕೂ ಹೌದು. ಇವನು ಯಾರಿಂದ ಏನನ್ನು ಕದ್ದನು? ಗೆದ್ದವನಿಗೆ ನಷ್ಟವಿಲ್ಲ, ಸಂಘಟಕರಿಗೆ ನಷ್ಟವಿಲ್ಲ. ಮನೆಗೆ ಬಂದು ಮಗಳ ಕೊರಳಿಗೆ ಪದಕ ತೊಡಿಸುವಾಗ ಮಾತ್ರ ಆ ಪದಕ ಏನು ಹೇಳುತ್ತದೆಂಬುದು ಅವನೊಬ್ಬನಿಗೇ ಗೊತ್ತು. ಎಲ್ಲರಿಗೂ ಕೊಡುವ ಪದಕ ಬೆಲೆಯಿಲ್ಲದ್ದು ಎಂಬವರಿಗೆ ನನ್ನ ಉತ್ತರ ಇದೇ: ಬೆಲೆಯಿಲ್ಲದ್ದನ್ನು ಯಾರೂ ಕದಿಯುವುದಿಲ್ಲ. ಲಾರ್ಜ್‌ನ ಬಗೆಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಮರುವರ್ಷ, 1905ರಲ್ಲಿ, ಅವನು ಬಾಸ್ಟನ್ ಮ್ಯಾರಥಾನನ್ನು ತನ್ನ ಕಾಲುಗಳಿಂದಲೇ ಓಡಿ ಗೆದ್ದನು.

ಪ್ರೇಷಿತ ಪೌಲನು ಓಟದ ಉಪಮೆಯನ್ನು ಒಂದಕ್ಕಿಂತ ಹೆಚ್ಚು ಸಲ ಬಳಸಿದ್ದಾನೆ. ಕೊರಿಂಥದ ಸಮೀಪದಲ್ಲೇ ಪ್ರಸಿದ್ಧ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ದೇವದಾರಿನ ಜಾತಿಯ ಮರದ ಎಲೆಯ ಕಿರೀಟವೋ ಒಣಗಿದ ಸೊಪ್ಪಿನ ಕಿರೀಟವೋ ಏರುತ್ತಿತ್ತು. ಆ ಊರಿನವರಿಗೆ ಬರೆದ ಮೊದಲ ಪತ್ರದಲ್ಲಿ ಅವನು ಬಹುಮಾನ ಪಡೆಯುವವನು ಒಬ್ಬನೇ ಎಂಬುದನ್ನು ನೆನಪಿಸಿ, ಹಾಗೆ ಓಡಿರೆಂದು ಹುರಿದುಂಬಿಸುತ್ತಾನೆ. ನಾವು ಪ್ರವಚನಗಳಲ್ಲಿ ಹೆಚ್ಚಾಗಿ ಹಿಡಿಯುವುದು ಈ ಭಾಗವನ್ನೇ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮರಣ ಸಮೀಪಿಸಿದಾಗ, ಸ್ವರ ಬದಲಾಗಿದೆ. ಅಲ್ಲಿ ಅವನು ಗೆದ್ದೆನೆಂದು ಹೇಳಿಕೊಳ್ಳುವುದಿಲ್ಲ, ಓಟವನ್ನು ಪೂರ್ಣಗೊಳಿಸಿದೆನೆಂದು ಹೇಳುತ್ತಾನೆ. ಕಿರೀಟವೂ ತನಗೊಬ್ಬನಿಗೇ ಮೀಸಲಲ್ಲ, ಪ್ರಭುವಿನ ಬರುವಿಕೆಯನ್ನು ಪ್ರೀತಿಯಿಂದ ಎದುರುನೋಡುವ ಎಲ್ಲರಿಗೂ ಉಂಟು ಎನ್ನುತ್ತಾನೆ. ಎಲ್ಲರಿಗೂ ಪದಕ ಕೊಡುವ ಪದ್ಧತಿಯನ್ನು ಹಂಗಿಸುವ ಮೊದಲು ಈ ವಾಕ್ಯವನ್ನು ತೆರೆದು ಓದಿ ನೋಡಿ.

ರಸ್ತೆ ಓಟದಲ್ಲಿ ಪೇಸರ್ ಎಂಬ ಒಂದು ಹೊಣೆಯಿದೆ. ನಿಶ್ಚಿತ ಅವಧಿಯನ್ನು ಬರೆದ ಬಾವುಟವನ್ನು ಬೆನ್ನಿಗೆ ಕಟ್ಟಿಕೊಂಡು, ಆ ಅವಧಿಗೆ ಸರಿಯಾಗಿ ಓಡುವವನು ಅವನು. ಹೆಚ್ಚು ವೇಗವಾಗಿ ಓಡಬಲ್ಲವನನ್ನೇ ಇದಕ್ಕೆ ಆರಿಸುತ್ತಾರೆ. ಎರಡು ಗಂಟೆಯೊಳಗೆ ಮುಗಿಸಬಲ್ಲವನು, ಎರಡೂವರೆ ಗಂಟೆಯ ಗುಂಪಿನೊಂದಿಗೆ ತನ್ನ ಹೆಜ್ಜೆಯನ್ನು ತಗ್ಗಿಸಿ, ಹಿಂದುಳಿದವರನ್ನು ಮಾತನಾಡಿಸುತ್ತಾ ಕರೆತರುತ್ತಾನೆ. ಅವನ ಸ್ವಂತ ದಾಖಲೆ ಆ ದಿನ ಕೆಡುತ್ತದೆ. ಮನೆಯ ತಾಯಂದಿರಿಗೆ ಈ ಹೊಣೆ ಹೊಸದಲ್ಲ. ಬಾವುಟ ಮಾತ್ರ ಅವರಿಗಿಲ್ಲ.

ಹೊಗಳಿದ ಮೇಲೆ ಒಂದೆರಡು ಆಕ್ಷೇಪಗಳನ್ನೂ ಹೇಳಲೇಬೇಕು. ಓಟ ಮುಗಿದ ರಸ್ತೆಯಲ್ಲಿ ಬಿದ್ದ ಕಾಗದದ ಲೋಟ, ನೀರಿನ ಬಾಟಲಿಗಳನ್ನು ಬಾಚುವವರು ಪೌರಕಾರ್ಮಿಕರು. ಅವರ ಕೊರಳಿಗೆ ಯಾರೂ ಪದಕ ಹಾಕುವುದಿಲ್ಲ. ಓಟಕ್ಕೆಂದು ರಸ್ತೆ ಮುಚ್ಚಿದ ರವಿವಾರ, ಖಾಸಬಾಗದ ಸಂತೆಗೆ ಕಾಯಿಪಲ್ಲೆ ತರುವ ಹೆಂಗಸಿನ ಆಟೋ ಬಳಸಿ ಹೋಗಬೇಕಾದರೆ ಆ ಬಾಡಿಗೆ ಆಕೆಯದೇ. ಭರ್ತಿಗಾಗಿ ಓಡುವ ಖಾನಾಪುರದ ಹುಡುಗ ಈ ಓಟಗಾರರಲ್ಲಿ ಬಹುತೇಕರಿಗಿಂತ ವೇಗಿ, ಆದರೆ ಅವನ ಬಳಿ ಶುಲ್ಕವಿಲ್ಲ. ಇಬ್ಬರು ಹಣವಂತ ಓಟಗಾರರು ಸೇರಿ ಅಂಥ ಒಬ್ಬನ ಶುಲ್ಕ ಕಟ್ಟುವುದು ಕಷ್ಟವೇ? ರವಿವಾರದ ಬಲಿಪೂಜೆಯ ಪ್ರಶ್ನೆಯನ್ನು ನಾನು ಎತ್ತುವೆನೆಂದು ನೀವು ಕಾಯುತ್ತಿರಬಹುದು. ಶನಿವಾರದ ಸಂಜೆಯ ಪೂಜೆ ಇರುವುದು ಓಟಗಾರರಿಗೂ ಗೊತ್ತಿದೆ.

ನಮ್ಮ ಧರ್ಮಕೇಂದ್ರಗಳ ಹಬ್ಬದ ಆಟೋಟಗಳಲ್ಲಿ ಒಂದು ವಾಡಿಕೆ ಬೇರೂರಿದೆ. ಮೊದಲ ಮೂವರು ಮಕ್ಕಳು ಗೆರೆ ದಾಟಿದೊಡನೆ ಸ್ವಯಂಸೇವಕರು ಹಗ್ಗವನ್ನು ಸುತ್ತಿಕೊಂಡು ಮುಂದಿನ ಆಟದ ಕಡೆ ನಡೆದುಬಿಡುತ್ತಾರೆ. ಹಿಂದೆ ಓಡುತ್ತಿರುವ ಮಕ್ಕಳು ಅದನ್ನು ಕಾಣುತ್ತಾರೆ. ಕೆಲವರು ಅಲ್ಲೇ ನಿಲ್ಲುತ್ತಾರೆ, ಕೆಲವರು ಗೆರೆಯನ್ನು ಬಿಟ್ಟು ಅಮ್ಮನ ಕಡೆ ತಿರುಗುತ್ತಾರೆ. ಮುಂದಿನ ಹಬ್ಬದಲ್ಲಿ ಹಗ್ಗ ಹಿಡಿಯುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಕೊನೆಯ ಮಗು ಬರುವವರೆಗೆ ಅದನ್ನು ಹಿಡಿದೇ ನಿಲ್ಲಿ. ಅರ್ಧ ನಿಮಿಷ ತಡವಾದೀತು. ಮುಂದಿನದು ಹೇಗೂ ನಿಂಬೆಹಣ್ಣು-ಚಮಚದ ಓಟ, ಅದು ಕಾಯುತ್ತದೆ.